ಟೈಸನ್‌–ಹೋಲಿಫೀಲ್ಡ್: ಮೊದಲು ತಾರೀಖು ಹೇಳಿ

"ಉಚ್ಛ್ರಾಯದಲ್ಲಿದ್ದ ಟೈಸನ್ ಎದುರಿಗೆ ಹೋಲಿಫೀಲ್ಡ್ ಸಿಕ್ಕಿದ್ದರೆ?" ಬಾಕ್ಸಿಂಗ್ ಮಾತು ಶುರುವಾಯಿತೆಂದರೆ ಹೆವಿವೇಟ್ ಚಾಂಪಿಯನ್‌ಗಳಾಗಿದ್ದ ಮೈಕ್ ಟೈಸನ್, ಇವಾಂಡರ್ ಹೋಲಿಫೀಲ್ಡ್ ಬಗ್ಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಮೇಲೆ ನನಗೆ ಪ್ರೀತಿಯೇ. ಆಟವನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲದೆ ಇನ್ಯಾರು ಇಂಥದ್ದನ್ನು ಕೇಳಿಯಾರು? ಆದರೆ "ಯಾವ ತಾರೀಖಿನಂದು?" ಎಂದು ತಿರುಗಿ ಕೇಳಿದರೆ ನಾನು ಉತ್ತರ ತಪ್ಪಿಸುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಖಂಡಿತ ಇಲ್ಲ. ತಾರೀಖು ಗೊತ್ತಾಗದೆ ಉತ್ತರ ಕೊಡಲು ಸಾಧ್ಯವೇ ಇಲ್ಲ.

ಜನ ಮಾಡುವುದು ಇಷ್ಟು. 1988ರ ಜೂನ್ 27ರಂದು ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ ಟೈಸನ್‌ನನ್ನು ಎತ್ತಿಕೊಳ್ಳುತ್ತಾರೆ. ಅವನ ಎದುರಿಗೆ ಟೈಸನ್‌ನನ್ನು ನಿಜವಾಗಿ ಸೋಲಿಸಿದ 1996ರ ನವೆಂಬರ್ 9ರ ಹೋಲಿಫೀಲ್ಡ್‌ನನ್ನು ತಂದು ನಿಲ್ಲಿಸುತ್ತಾರೆ. ಈ ಇಬ್ಬರೂ ಒಂದೇ ದಿನ ಭೂಮಿಯ ಮೇಲೆ ಇರಲೇ ಇಲ್ಲ. 1988ರ ಆ ಜೂನ್‌ನಲ್ಲಿ ಹೋಲಿಫೀಲ್ಡ್ ಹೆವಿವೇಟ್ ಪಂದ್ಯವನ್ನೇ ಆಡಿರಲಿಲ್ಲ. ಏಪ್ರಿಲ್‌ನಲ್ಲಷ್ಟೇ, ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ, ಆಗ 190 ಪೌಂಡ್ ಮಿತಿಯಿದ್ದ ಕ್ರೂಸರ್‌ವೇಟ್ ಪಟ್ಟಗಳನ್ನು ಒಟ್ಟುಗೂಡಿಸಿದ್ದ. ಹೆವಿವೇಟ್‌ನಲ್ಲಿ ಮೊದಲ ಸಲ ರಿಂಗಿಗೆ ಇಳಿದದ್ದು ಜುಲೈನಲ್ಲಿ, ಜೇಮ್ಸ್ ಟಿಲ್ಲಿಸ್ ಎದುರು, 200 ಪೌಂಡ್ ಆಸುಪಾಸಿನ ತೂಕದಲ್ಲಿ. 1988ರ ಟೈಸನ್ ಬೇಕೆಂದರೆ ಈ ಹೋಲಿಫೀಲ್ಡ್‌ನನ್ನೇ ಒಪ್ಪಿಕೊಳ್ಳಬೇಕು. ಆ ಪಂದ್ಯದಲ್ಲಿ ನಾನು ಟೈಸನ್ ಕಡೆ, ಹೆಚ್ಚು ಯೋಚಿಸದೆ.

ತಾರೀಖು ಸರಿಸುವುದೆಂದರೆ ಇಬ್ಬರನ್ನೂ ಸರಿಸುವುದು. ವಯಸ್ಸನ್ನಷ್ಟೇ ಅಲ್ಲ, ತೂಕ, ಕಾರ್ನರ್‌ನಲ್ಲಿ ಕೂತ ತರಬೇತುದಾರ, ಹಿಂದಿನ ಪಂದ್ಯಗಳಲ್ಲಿ ತಿಂದ ಏಟು, ಅದರಿಂದ ಕಲಿತ ಪಾಠ, ಎಲ್ಲವೂ ಜೊತೆಯಲ್ಲೇ ಸರಿಯುತ್ತವೆ. ಒಬ್ಬನಿಗೆ ಒಳ್ಳೆಯದಾದದ್ದನ್ನು ಇಟ್ಟುಕೊಂಡು, ಇನ್ನೊಬ್ಬನಿಗೆ ಒಳ್ಳೆಯದಾದದ್ದನ್ನು ಬಿಟ್ಟುಬಿಡುವ ಹಾಗಿಲ್ಲ.

ಈ ಜೋಡಿಯ ಮಟ್ಟಿಗೆ ನಾವು ತಾರೀಖನ್ನು ಊಹಿಸುವ ಅಗತ್ಯವೂ ಇಲ್ಲ. 1991ರ ನವೆಂಬರ್ 8, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಎಂದು ಗೊತ್ತಾಗಿತ್ತು. ಅಕ್ಟೋಬರ್‌ನಲ್ಲಿ ಟೈಸನ್‌ನ ಪಕ್ಕೆಲುಬಿಗೆ ಪೆಟ್ಟಾಗಿ ಪಂದ್ಯ ಮುಂದಕ್ಕೆ ಹೋಯಿತು. 1992ರ ಫೆಬ್ರವರಿಯಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಅವನು ಅಪರಾಧಿ ಎಂದು ತೀರ್ಪು ಬಂತು. ಜೈಲಿನಿಂದ ಹೊರಬಂದದ್ದು 1995ರ ಮಾರ್ಚ್‌ನಲ್ಲಿ. ಪಂದ್ಯ ಕೊನೆಗೂ ನಡೆದಾಗ ಐದು ವರ್ಷ ಕಳೆದಿತ್ತು. ಹಾಗಾಗಿ ಪ್ರಶ್ನೆಯನ್ನು ಹೀಗೆ ಕೇಳಿ: ಆ ಪಕ್ಕೆಲುಬು ಸರಿಯಿದ್ದಿದ್ದರೆ, 1991ರ ನವೆಂಬರ್ 8ರ ರಾತ್ರಿ ಏನಾಗುತ್ತಿತ್ತು? ಟೈಸನ್‌ಗೆ 25, ಹೋಲಿಫೀಲ್ಡ್‌ಗೆ 29. ಹನ್ನೆರಡು ರೌಂಡ್, 10 ಔನ್ಸ್ ಗ್ಲೌಸ್.

ಇನ್ನು ಕೆಲಸ ಶುರು. ಆ ತಾರೀಖಿಗೆ ಹತ್ತಿರದ ಎರಡು ಮೂರು ಪಂದ್ಯಗಳನ್ನು ಪೂರ್ತಿ ನೋಡಬೇಕು. ನಾಕೌಟ್‌ಗಳನ್ನಷ್ಟೇ ಪೋಣಿಸಿದ ವಿಡಿಯೊ ನೋಡಿ ಪ್ರಯೋಜನವಿಲ್ಲ, ಅದರಲ್ಲಿ ಗುರಿತಪ್ಪಿದ ಹೊಡೆತ ಇರುವುದಿಲ್ಲ. ನಾಲ್ಕನೆಯದು, ಏಳನೆಯದು, ಹತ್ತನೆಯದು ಹೀಗೆ ನಡುವಿನ ರೌಂಡುಗಳನ್ನು ಆರಿಸಿಕೊಳ್ಳಿ. ಮೂರೇ ಸಂಗತಿ ಎಣಿಸಿ: ತನ್ನ ಪಂಚ್ ಹೊಡೆದ ಮೇಲೆ ತಲೆ ಜಾಗ ಬದಲಿಸಿತೇ, ಒಂದು ಸಲ ಒಳನುಗ್ಗಿದರೆ ಎಷ್ಟು ಪಂಚ್ ಬಂದವು, ಕ್ಲಿಂಚ್‌ಗೆ (ಎದುರಾಳಿಯನ್ನು ತಬ್ಬಿ ಹಿಡಿಯುವುದಕ್ಕೆ) ಮೊದಲು ಕೈಹಾಕಿದವರು ಯಾರು. ಇದು ಬೇಸರದ ಕೆಲಸ. ಆದರೆ ವಾದ ಮಾಡುವವರಲ್ಲಿ ಬಹುತೇಕರು ಇದನ್ನು ಒಮ್ಮೆಯೂ ಮಾಡಿರುವುದಿಲ್ಲ.

ಟೈಸನ್‌ನಿಂದ ಆರಂಭಿಸೋಣ. ಎತ್ತರ 5 ಅಡಿ 10 ಇಂಚು, ತೋಳಿನ ಚಾಚು 71 ಇಂಚು. ಹೋಲಿಫೀಲ್ಡ್ ಅವನಿಗಿಂತ ನಾಲ್ಕು ಇಂಚು ಎತ್ತರ, ಚಾಚು ಸುಮಾರು 78. ಈ ಏಳು ಇಂಚನ್ನು ನೋಡಿ ಗಾಬರಿಯಾಗಬೇಡಿ. ಚಾಚು ಎಂದರೆ ಎದೆಯೂ ಸೇರಿ ಒಂದು ಬೆರಳ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಳತೆ. ಒಂದು ಕೈಯ ಲೆಕ್ಕಕ್ಕೆ ಬಂದರೆ ವ್ಯತ್ಯಾಸ ಮೂರೂವರೆ ಇಂಚು. ಅಷ್ಟನ್ನು ಟೈಸನ್ ಪ್ರತಿ ಸಲವೂ ಏಟು ತಿನ್ನದೆ ದಾಟಬೇಕು. 1988ರಲ್ಲಿ ಅದು ಅವನಿಗೆ ಸಲೀಸಾಗಿತ್ತು. ಎರಡೂ ಗ್ಲೌಸ್ ಕೆನ್ನೆಗೆ ಅಂಟಿಸಿ, ಎದುರಾಳಿಯ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಹೆಗಲ ಮೇಲಿಂದ ಹಾದುಹೋಗುವಂತೆ ತಲೆ ಸರಿಸಿ ಒಳಗೆ ಬರುತ್ತಿದ್ದ. ಬಲಗೈ ಪಕ್ಕೆಗೆ, ಅದೇ ಬಲಗೈ ಕೆಳಗಿನಿಂದ ಮೇಲೇರುವ ಅಪ್ಪರ್‌ಕಟ್ ಆಗಿ ಗಲ್ಲಕ್ಕೆ. ಹೊಡೆದಾದ ಮೇಲೂ ತಲೆ ಮತ್ತೆ ಬೇರೆ ಕಡೆ. ಇದರಲ್ಲಿ ಮುಖ್ಯವಾದದ್ದು ಈ ಕೊನೆಯ ಭಾಗವೇ.

1988ರ ಕೊನೆಗೆ ತನ್ನ ತರಬೇತುದಾರ ಕೆವಿನ್ ರೂನಿಯನ್ನು ಕಳಿಸಿಬಿಟ್ಟ ಮೇಲೆ ಮೊದಲು ಕೆಟ್ಟದ್ದೂ ಅದೇ. ಒಳಗೆ ಬರುವಾಗ ತಲೆ ಅಲ್ಲಾಡುತ್ತಿತ್ತು, ಹೊಡೆದ ಮೇಲೆ ನಟ್ಟನಡುವೆ ನಿಂತುಬಿಡುತ್ತಿತ್ತು. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಟೈಸನ್‌ನನ್ನು ಸೋಲಿಸಿದ ಬಸ್ಟರ್ ಡಗ್ಲಸ್‌ನ ಜ್ಯಾಬ್‌ಗೆ ಸಿಕ್ಕಿದ್ದು ಆ ನಿಂತ ತಲೆ. 1991ರ ಮಾರ್ಚ್ ಮತ್ತು ಜೂನ್‌ನಲ್ಲಿ ರೇಜರ್ ರಡಕ್ ಜೊತೆ ಒಟ್ಟು 19 ರೌಂಡ್ ಆಡಿದ. ಎರಡನ್ನೂ ಗೆದ್ದ, ಎರಡನೆಯದರಲ್ಲಿ ರಡಕ್‌ನನ್ನು ಎರಡು ಸಲ ಕೆಡವಿದ. ಶಕ್ತಿಗೆ ಏನೂ ಕಮ್ಮಿಯಾಗಿರಲಿಲ್ಲ. ಆದರೆ ಒಂದು ಭಾರೀ ಹೊಡೆತ, ಆಮೇಲೆ ಹಿಡಿತ, ರೆಫರಿ ಬಿಡಿಸುವವರೆಗೆ ವಿಶ್ರಾಂತಿ. ಮಧ್ಯದ ರೌಂಡುಗಳೆಲ್ಲ ಇದೇ ತಾಳ. ನವೆಂಬರ್ 8ಕ್ಕೆ ಬರಬೇಕಿದ್ದದ್ದು ಈ ಟೈಸನ್, ಸ್ಪಿಂಕ್ಸ್‌ನನ್ನು ಕೆಡವಿದವನಲ್ಲ.

ಹೋಲಿಫೀಲ್ಡ್ ಅಭಿಮಾನಿಗಳೂ ಇಷ್ಟಕ್ಕೇ ಕುಣಿಯಬೇಕಿಲ್ಲ. 1996ರಲ್ಲಿ ಅವನು ಗೆದ್ದದ್ದು ಬಹುಮಟ್ಟಿಗೆ ಕ್ಲಿಂಚ್‌ನಲ್ಲಿ. ಟೈಸನ್ ಒಳಗೆ ಬಂದೊಡನೆ ತೋಳು ಕಟ್ಟಿ, ತಲೆಯನ್ನು ಅವನ ಹೆಗಲಿಗೆ ಒತ್ತಿ, ಹಿಂದಕ್ಕೆ ನೂಕಿದ. ಹಿಂದೆ ಸರಿಯುತ್ತಿರುವ ಟೈಸನ್‌ಗೆ ಬುಡದಿಂದ ಬಲ ತಂದು ಹೊಡೆಯಲು ಬರುವುದಿಲ್ಲ. ಆ ರಾತ್ರಿ ಹೋಲಿಫೀಲ್ಡ್ 215 ಪೌಂಡ್ ತೂಗಿದ್ದ. 1991ರ ಏಪ್ರಿಲ್‌ನಲ್ಲಿ ಜಾರ್ಜ್ ಫೋರ್‌ಮನ್ ಎದುರು 208. ಏಳು ಪೌಂಡ್ ಏನು ಮಹಾ ಎನ್ನಬೇಡಿ. ದೂರದಲ್ಲಿ ನಿಂತು ಜ್ಯಾಬ್ ಆಡುವಾಗ ಅದು ಲೆಕ್ಕಕ್ಕಿಲ್ಲ, ಎದೆಗೆ ಎದೆ ತಾಗಿಸಿ ನೂಕುವಾಗ ಲೆಕ್ಕಕ್ಕಿದೆ. ಸ್ವಭಾವವೂ ಬೇರೆ. 1991ರ ಹೋಲಿಫೀಲ್ಡ್ ಏಟು ಬಿದ್ದರೆ ಹಿಡಿಯುತ್ತಿರಲಿಲ್ಲ, ತಿರುಗಿ ಬಡಿಯುತ್ತಿದ್ದ. ಟೈಸನ್ ಬದಲಿಗೆ ನವೆಂಬರ್ 23ರಂದು ಅವನ ಎದುರು ಬಂದದ್ದು ಕೊನೆ ಗಳಿಗೆಯಲ್ಲಿ ಕರೆಸಿಕೊಂಡ ಬರ್ಟ್ ಕೂಪರ್. ಮೂರನೇ ರೌಂಡಿನಲ್ಲಿ ಕೂಪರ್ ಹೊಡೆತಕ್ಕೆ ಹೋಲಿಫೀಲ್ಡ್ ಹಗ್ಗಕ್ಕೆ ಒರಗಿದ, ರೆಫರಿ ಎಣಿಸಿದರು. ಅವನ ವೃತ್ತಿಜೀವನದಲ್ಲಿ ಅದೇ ಮೊದಲ ಸಲ. ಏಳನೇ ರೌಂಡಿನಲ್ಲಿ ಗೆದ್ದ ಎನ್ನುವುದು ನಿಜ. ಆದರೆ ಆ ಮೂರನೇ ರೌಂಡಿನಲ್ಲಿ ಎದುರಿಗಿದ್ದವನು ಟೈಸನ್ ಆಗಿದ್ದರೆ? ಇದನ್ನು ಕಣ್ಣುಮುಚ್ಚಿ ದಾಟಲಾಗದು.

ನಡುವಿನ ಐದು ವರ್ಷ ಇಬ್ಬರಿಗೂ ಏನು ಮಾಡಿತು ನೋಡಿ. ಹೋಲಿಫೀಲ್ಡ್ ರಿಡಿಕ್ ಬೋ ಜೊತೆ ಮೂರು ಸಲ, ಹೋಮ್ಸ್, ಮೂರರ್, ಮರ್ಸರ್ ಎನ್ನುತ್ತ ಸುಮಾರು 90 ರೌಂಡ್ ಆಡಿದ. ಸೋತ, ಏಟು ತಿಂದ, ಹಿಡಿಯುವುದನ್ನೂ ಕಾಯುವುದನ್ನೂ ಕಲಿತ. ಟೈಸನ್ ಆಡಿದ್ದು ನಾಲ್ಕು ಪಂದ್ಯ, ಯಾವುದೂ ಮೂರನೇ ರೌಂಡ್ ದಾಟಲಿಲ್ಲ. ಎಲ್ಲ ಕೂಡಿಸಿದರೆ ಎಂಟು ರೌಂಡ್ ಮೀರುವುದಿಲ್ಲ. ಆದ್ದರಿಂದ 1996ರ ಫಲಿತಾಂಶ ಹಿಡಿದುಕೊಂಡು "1991ರಲ್ಲೂ ಹಾಗೇ ಆಗುತ್ತಿತ್ತು" ಎನ್ನುವುದೂ ಅದೇ ತಪ್ಪಿನ ಇನ್ನೊಂದು ಮುಖ.

ನನ್ನ ಅಂದಾಜು ಕೇಳಿದರೆ, ಎಚ್ಚರಿಕೆಯಿಂದಲೇ ಹೇಳುತ್ತೇನೆ: ಮೊದಲ ನಾಲ್ಕು ರೌಂಡ್ ಟೈಸನ್‌ನವು, ಪಂದ್ಯ ಬೇಗ ಮುಗಿದರೆ ಗೆಲ್ಲುವವನೂ ಅವನೇ. ಆರು ದಾಟಿದರೆ ತಕ್ಕಡಿ ಹೋಲಿಫೀಲ್ಡ್ ಕಡೆ ವಾಲುತ್ತದೆ, ಒಂದೊಂದೇ ಹೊಡೆತ ಹೊಡೆದು ನಿಲ್ಲುವವನ ಎದುರು ನಾಲ್ಕೈದು ಪಂಚ್ ಒಟ್ಟಿಗೆ ಬಿಡುವವನು ರೌಂಡ್ ಗೆಲ್ಲುತ್ತಾನೆ. ಕೂದಲೆಳೆಯಷ್ಟು ಹೆಚ್ಚು ಅವಕಾಶ ಹೋಲಿಫೀಲ್ಡ್‌ಗೆ, ತೀರ್ಪುಗಾರರ ಅಂಕಗಳ ಮೇಲೆ. ಇದಕ್ಕಿಂತ ಗಟ್ಟಿಯಾಗಿ ಹೇಳುವವರನ್ನು ನಂಬಬೇಡಿ.

ಯಂತ್ರಕ್ಕೆ ಕೇಳಿದರೂ ಇಷ್ಟೇ. 1969ರಲ್ಲಿ 27ರ ಮುಹಮ್ಮದ್ ಅಲಿಯನ್ನೂ 45ರ ಹಳೆಯ ಚಾಂಪಿಯನ್ ರಾಕಿ ಮಾರ್ಸಿಯಾನೊನನ್ನೂ ರಿಂಗಿನಲ್ಲಿ ನಿಲ್ಲಿಸಿ ಚಿತ್ರೀಕರಿಸಿ, ಕಂಪ್ಯೂಟರ್ ಹೇಳಿದ ಫಲಿತಾಂಶ ಎಂದು ಮರುವರ್ಷ ತೋರಿಸಿದರು. ಅಮೆರಿಕದಲ್ಲಿ ಮಾರ್ಸಿಯಾನೊ 13ನೇ ರೌಂಡಿನಲ್ಲಿ ಗೆದ್ದ, ಯುರೋಪಿನಲ್ಲಿ ತೋರಿಸಿದ್ದರಲ್ಲಿ ಅಲಿ ಗೆದ್ದ. ಇಂಥ ಬೇರೆ ಬೇರೆ ಕಾಲದವರನ್ನು ಕೂಡಿಸುವಾಗ ಯಾರ ಕಾಲದ ನಿಯಮ ಎನ್ನುವುದನ್ನೂ ಬರೆದುಕೊಳ್ಳಬೇಕು. ಮಾರ್ಸಿಯಾನೊ ಪಟ್ಟಕ್ಕಾಗಿ ಆಡಿದ್ದು 15 ರೌಂಡಿಗೆ. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ರಿಂಗಿನಲ್ಲಿ ತಿಂದ ಏಟಿನಿಂದ ಸತ್ತ ಬಳಿಕ 12ಕ್ಕೆ ಇಳಿಸಲು ಶುರು ಮಾಡಿದರು. ಕಾದು ದಣಿಸಿ ಹೊಡೆಯುವವನಿಗೆ ಆ ಮೂರು ರೌಂಡ್ ಎಂದರೆ ಬಹಳ.

ಟೈಸನ್ ಬಿಟ್ಟರೆ ಹೆಚ್ಚು ಕೇಳಿಬರುವುದು ನಡೆಯದೇ ಹೋದ ಲೂಯಿಸ್–ಬೋ ಪಂದ್ಯ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೆನಾಕ್ಸ್ ಲೂಯಿಸ್ ಎರಡನೇ ರೌಂಡಿನಲ್ಲೇ ಬೋನನ್ನು ಮುಗಿಸಿದ್ದ, ಹಾಗಾಗಿ ಕುತೂಹಲ ಸಹಜ. ಇಲ್ಲೂ ಜನ ಕಲ್ಪಿಸಿಕೊಳ್ಳುವ ಲೂಯಿಸ್, ತರಬೇತುದಾರ ಎಮ್ಯಾನುಯೆಲ್ ಸ್ಟೂವರ್ಡ್ ಪಳಗಿಸಿದ ಲೂಯಿಸ್. 1994ರಲ್ಲಿ ಆಲಿವರ್ ಮೆಕಾಲ್ ಕೈಯಲ್ಲಿ ಸೋತ ಮೇಲೆ ರೂಪುಗೊಂಡವನು ಅವನು. ಜನ ಕಲ್ಪಿಸಿಕೊಳ್ಳುವ ಬೋ, 1992ರ ನವೆಂಬರ್‌ನಲ್ಲಿ 235 ಪೌಂಡ್ ತೂಗಿ ಹೋಲಿಫೀಲ್ಡ್‌ನನ್ನು ಸೋಲಿಸಿದವನು. ಒಂದೇ ವರ್ಷದಲ್ಲಿ ಅವನ ತೂಕ 246ಕ್ಕೆ ಏರಿತ್ತು, ಪಟ್ಟವೂ ಹೋಗಿತ್ತು. ಇಬ್ಬರೂ ಚೆನ್ನಾಗಿದ್ದು ಪಂದ್ಯಕ್ಕೆ ಅರ್ಥವಿರುವ ಕಿಟಕಿ 1993ರ ವಸಂತ, ಅಷ್ಟೇ. ಆಗ ಲೂಯಿಸ್‌ಗೆ ರಡಕ್‌ನನ್ನು ಎರಡನೇ ರೌಂಡಿನಲ್ಲಿ ಉರುಳಿಸಿದ ಬಲಗೈ ಇತ್ತು, ಜ್ಯಾಬ್ ಇನ್ನೂ ಹದಕ್ಕೆ ಬಂದಿರಲಿಲ್ಲ. ಬೋಗೆ ಒಳಗೆ ನಿಂತು ಹೊಡೆಯುವ ಕಲೆ ಇತ್ತು, ಹೊಟ್ಟೆ ಬೆಳೆಯಲು ಶುರುವಾಗಿತ್ತು. ಲೂಯಿಸ್ ದೂರ ಕಾಯ್ದುಕೊಳ್ಳುತ್ತಿದ್ದನೇ, ಬೋ ಒಳಗೆ ನುಗ್ಗುತ್ತಿದ್ದನೇ ಎಂದು ವಾದ ಮಾಡುವುದಿದ್ದರೆ, ಆ ಇಬ್ಬರನ್ನು ಇಟ್ಟುಕೊಂಡು ಮಾಡಿ.