ಭಾರದ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕುವುದು: ಸೊಂಟ ಕಾಪಾಡಿಕೊಳ್ಳಲು ಬರೆದುಕೊಂಡ ಟಿಪ್ಪಣಿ

ಬೈಕ್ ಡಬಲ್ ಸ್ಟ್ಯಾಂಡ್ ಏರುವುದು ತೋಳಿನ ಬಲದಿಂದಲ್ಲ, ನಮ್ಮ ಮೈತೂಕದಿಂದ. ಕಲಿಯಬೇಕಾದದ್ದು ಇಷ್ಟೇ. ಆದರೆ ಈ ಮಾತು ತಲೆಗೆ ಹೋದಷ್ಟು ಬೇಗ ಕೈಕಾಲಿಗೆ ಹೋಗುವುದಿಲ್ಲ. ಭಾರ ಕಂಡೊಡನೆ ಕೈ ತಾನಾಗಿ ಎತ್ತಲು ಹೊರಡುತ್ತದೆ. ಈಗಷ್ಟೇ ಕೈಹಿಡಿದಿರುವ ಈ ವಿದ್ಯೆಯನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಪುಣೆಯಲ್ಲಿ ಹೊಸದಾಗಿ ದೊಡ್ಡ ಗಾಡಿ ಕೊಂಡ ನಮ್ಮವರಿಗೂ ಉಪಯೋಗವಾಗಲಿ.

ನನ್ನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ತೂಕ 195 ಕಿಲೋ. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿಗೆ ಹೋಗಿ ಬಂದರೆ ಚೈನ್ ತುಂಬ ಕೆಸರು, ಮರಳು. ಅದನ್ನು ತೊಳೆದು ಎಣ್ಣೆ ಹಾಕಬೇಕಾದರೆ ಹಿಂದಿನ ಚಕ್ರ ನೆಲ ಬಿಟ್ಟು ತಿರುಗಬೇಕು. ಸೊಸೈಟಿಯ ಪಾರ್ಕಿಂಗ್‌ನಲ್ಲೂ ಡಬಲ್ ಸ್ಟ್ಯಾಂಡ್ ಬೇಕೇ ಬೇಕು. ಸೈಡ್ ಸ್ಟ್ಯಾಂಡ್ ಮೇಲೆ ವಾಲಿದ ಗಾಡಿ ಪಕ್ಕದವರ ಜಾಗವನ್ನೂ ತಿನ್ನುತ್ತದೆ.

ಸೊಂಟಕ್ಕೆ ಪೆಟ್ಟು ಬೀಳುವುದು ಎಲ್ಲಿ?

ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಷ್ (NIOSH) ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಭಾರ ಎತ್ತುವ ಸೂತ್ರವೊಂದಿದೆ. ಅದರ ಪ್ರಕಾರ ಎಲ್ಲವೂ ಅನುಕೂಲವಾಗಿದ್ದಾಗಲೂ ಕೈಯಿಂದ ಎತ್ತಬಹುದಾದ ತೂಕ 23 ಕಿಲೋ. ಭಾರ ಮೈಯಿಂದ ದೂರವಿದ್ದರೆ, ಎತ್ತುವಾಗ ಸೊಂಟ ತಿರುಚಿದರೆ, ಆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಬೈಕ್ ಪಕ್ಕದಲ್ಲಿ ಬಾಗಿ ನಿಂತು, ಒಂದು ಕೈ ಹ್ಯಾಂಡಲ್‌ನಲ್ಲಿ, ಇನ್ನೊಂದು ಕೈ ಸೀಟಿನ ಹಿಂದೆ ಇಟ್ಟು ಜಗ್ಗಿದರೆ ಬಾಗುವುದು, ತಿರುಚುವುದು, ದೂರದ ಭಾರ, ಮೂರೂ ಒಟ್ಟಿಗೆ ಸೇರುತ್ತವೆ. ಸೊಂಟದ ಡಿಸ್ಕ್‌ಗೆ ಇದಕ್ಕಿಂತ ಕೆಟ್ಟ ಭಂಗಿ ಹುಡುಕಿದರೂ ಸಿಗದು. ಈಗಾಗಲೇ ಡಿಸ್ಕ್ ತೊಂದರೆ ಇರುವವರು, ಕಾಲಿಗೆ ಜೋಮು ಇಳಿಯುವವರು ಈ ಕೆಲಸಕ್ಕೆ ಕೈಹಾಕದೆ ಬೇರೆಯವರಿಂದ ಮಾಡಿಸಿಕೊಳ್ಳಿ.

ಶುರು ಮಾಡುವ ಮುನ್ನ

ಗಟ್ಟಿ ಅಟ್ಟೆಯ ಶೂ ಇರಲಿ, ಚಪ್ಪಲಿ ಬೇಡ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡಲ್ ನೇರವಾಗಿರಲಿ. ಹಿಂದೆ ಕಟ್ಟಿದ ಬ್ಯಾಗುಗಳನ್ನು ಬಿಚ್ಚಿಡಿ. ಸಾಮಾನಿನ ಭಾರಕ್ಕೆ ಹಿಂದಿನ ಸ್ಪ್ರಿಂಗ್ ಕುಸಿದಿರುತ್ತದೆ, ಅಷ್ಟೂ ಎತ್ತರವನ್ನು ನಾವು ಹೆಚ್ಚಿಗೆ ಏರಿಸಬೇಕಾಗುತ್ತದೆ. ಸೈಡ್ ಸ್ಟ್ಯಾಂಡ್ ಮಾತ್ರ ಹೊರಗೇ ಇರಲಿ. ಗಾಡಿ ನಮ್ಮ ಕಡೆ ವಾಲಿದರೆ ಅದೇ ತಡೆಯುತ್ತದೆ.

ಸ್ಟ್ಯಾಂಡಿನ ಎರಡೂ ಪಾದ ನೆಲ ಮುಟ್ಟಬೇಕು

ನನಗೆ ಹೆಚ್ಚು ಕಾಡಿದ ಹಂತ ಇದು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಗಾಡಿಯ ಎಡಗಡೆ, ಅದಕ್ಕೆ ಮುಖಮಾಡಿ ನಿಲ್ಲಿ. ಎಡಗೈ ಹ್ಯಾಂಡಲ್‌ನ ಎಡ ಹಿಡಿಯ ಮೇಲೆ, ಬಲಗೈ ಹಿಂದಿನ ಗ್ರ್ಯಾಬ್ ರೇಲ್ ಮೇಲೆ, ಅಂದರೆ ಸೀಟಿನ ಹಿಂದೆ ಹಿಡಿದುಕೊಳ್ಳಲು ಇರುವ ಕಂಬಿಯ ಮೇಲೆ. ಸ್ಟ್ಯಾಂಡಿನಿಂದ ಹೊರಗೆ ಚಾಚಿಕೊಂಡ, ತುಳಿಯುವ ಕಂಬಿಯ ಮೇಲೆ ಬಲಗಾಲಿಟ್ಟು ಮೆಲ್ಲಗೆ ಒತ್ತಿ. ಸ್ಟ್ಯಾಂಡ್ ಇಳಿದು ನೆಲ ಮುಟ್ಟುತ್ತದೆ. ಮುಟ್ಟಿತಲ್ಲ ಎಂದು ಇಲ್ಲೇ ಜೋರಾಗಿ ತುಳಿಯಬೇಡಿ. ಗಾಡಿ ಇನ್ನೂ ನಮ್ಮ ಕಡೆಗೇ ವಾಲಿದೆ. ನೆಲ ಮುಟ್ಟಿರುವುದು ಸ್ಟ್ಯಾಂಡಿನ ಎಡ ಪಾದ ಮಾತ್ರ, ಬಲ ಪಾದ ಗಾಳಿಯಲ್ಲಿದೆ. ಈ ಸ್ಥಿತಿಯಲ್ಲಿ ತುಳಿದರೆ ಗಾಡಿ ಆ ಒಂದೇ ಪಾದದ ಮೇಲೆ ಹೊರಳಿ ಆಚೆಗೆ ಬಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಕೈ ಜಗ್ಗುತ್ತದೆ, ಕೈ ಜಗ್ಗಿದಾಗ ಸೊಂಟ ತಿರುಚುತ್ತದೆ. ನೋವು ಹುಟ್ಟುವುದು ಆ ಕ್ಷಣದಲ್ಲಿ.

ಆದ್ದರಿಂದ ಕಾಲಿನ ಒತ್ತಡವನ್ನು ಹಾಗೆಯೇ ಹಗುರಾಗಿ ಇಟ್ಟುಕೊಂಡು, ಎಡಗೈಯಿಂದ ಗಾಡಿಯನ್ನು ನೆಟ್ಟಗೆ ಮಾಡಿ. ಒಂದಿಷ್ಟು ಆಚೆ, ಒಂದಿಷ್ಟು ಈಚೆ ಆಡಿಸಿ. ಬಲ ಪಾದ ನೆಲಕ್ಕೆ ತಾಗಿದಾಗ ಸಣ್ಣದೊಂದು ಟಕ್ ಸದ್ದು ಅಂಗಾಲಿನಲ್ಲೇ ತಿಳಿಯುತ್ತದೆ. ತಕ್ಕಡಿಯ ಮುಳ್ಳು ನಡುವಿಗೆ ಬಂದ ಹಾಗೆ, ಆಗ ಹ್ಯಾಂಡಲ್ ಹಿಡಿದ ಕೈಗೆ ಭಾರವೇ ತೋರುವುದಿಲ್ಲ. ಎರಡು ಬೆರಳಿನಲ್ಲಿ ಹಿಡಿದರೂ ಗಾಡಿ ನಿಂತಿರುತ್ತದೆ. ಈ ಹಗುರತನ ಕೈಗೆ ಬರುವವರೆಗೆ ಮುಂದಿನ ಹಂತಕ್ಕೆ ಹೋಗಲೇಬೇಡಿ. ತುಳಿಯುವ ಗೊಡವೆಗೇ ಹೋಗದೆ, ಬರೀ ಇದನ್ನೇ ಒಂದು ಸಂಜೆ ಅಭ್ಯಾಸ ಮಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಏರಿ ನಿಲ್ಲುವುದು

ನಿಗಡಿಯಲ್ಲಿ ನಾನು ಗಾಡಿ ಬಿಡುವ ಗ್ಯಾರೇಜಿನ ಮಿಸ್ತ್ರಿ ಕಲಬುರಗಿ ಕಡೆಯವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಸಣಕಲು ಮೈಯವರು. ನನ್ನ ಕೈ ಬಿಗಿಯುವುದನ್ನು ನೋಡಿ ಅವರು ಹೇಳಿದ್ದು ಇಷ್ಟೇ: “ಎತ್ತಬೇಡ ತಮ್ಮಾ, ಏರಿ ನಿಲ್ಲು.” ಅವರು ತುಳಿಯುವಾಗ ಗಮನಿಸಿದೆ. ಕಂಬಿಯ ಮೇಲಿರುವುದು ಅವರ ಅಂಗಾಲಿನ ನಡುಭಾಗ, ಬೆರಳ ತುದಿಯಲ್ಲ. ಟೊಂಕ ನೇರವಾಗಿ ಪಾದದ ಮೇಲಕ್ಕೆ ಬರುತ್ತದೆ, ಮಂಡಿ ನೆಟ್ಟಗಾಗುತ್ತದೆ, ಎಡಗಾಲು ನೆಲದಿಂದ ಅರೆ ಏಳುತ್ತದೆ. ಬಲತೋಳು ಸಡಿಲವಾಗಿ ನೇರವಾಗಿಯೇ ಇರುತ್ತದೆ.

ಹೀಗೆ ಆಗುವುದಕ್ಕೆ ಕಾರಣವಿದೆ. ಸ್ಟ್ಯಾಂಡ್ ನೆಲ ಮುಟ್ಟುವಾಗ ಅದರ ಪಾದಗಳು ಅದರ ತಿರುಗಣೆಗಿಂತ ಹಿಂದಿರುತ್ತವೆ. ನಾವು ತುಳಿಯುವ ಕಂಬಿ ಪಾದಗಳಿಗಿಂತಲೂ ಹಿಂದೆ. ತುಳಿದಾಗ ಇಡೀ ಸ್ಟ್ಯಾಂಡ್ ಸನ್ನೆಗೋಲಾಗಿ, ಪಾದಗಳನ್ನೇ ಆಧಾರ ಮಾಡಿಕೊಂಡು ತಿರುಗುತ್ತದೆ. ಗಾಡಿ ಹಿಂದಕ್ಕೆ ಉರುಳುತ್ತ ಕಮಾನಿನ ಹಾದಿಯಲ್ಲಿ ಮೇಲೇರುತ್ತದೆ. ತುತ್ತತುದಿ ದಾಟಿ ಕೂದಲೆಳೆಯಷ್ಟು ಕೆಳಗಿಳಿದು ಕೂರುತ್ತದೆ, ಅದಕ್ಕೇ ತಾನಾಗಿ ಬೀಳುವುದಿಲ್ಲ. ಹೀಗಾಗಿ ಬಲಗೈಗೆ ಇರುವ ಕೆಲಸ ಗಾಡಿಗೆ ಹಿಂದಿನ ದಿಕ್ಕು ತೋರಿಸುವುದು ಮಾತ್ರ. ಮೇಲಕ್ಕೆ ಎಳೆಯುವವರು ಗಾಡಿ ಹೋಗಬೇಕಾದ ದಾರಿಗೇ ಅಡ್ಡ ಬರುತ್ತಾರೆ. ಕಣ್ಣು ಕಾಲಿನ ಕಡೆ ಇರಬಾರದು. ಕೆಳಗೆ ನೋಡಿದರೆ ಬೆನ್ನು ಬಾಗುತ್ತದೆ. ಎದುರಿನ ಗೋಡೆ ನೋಡಿ. ಮುಂದಿನ ಬ್ರೇಕ್ ಲಿವರ್ ಮುಟ್ಟಬೇಡಿ. ಚಕ್ರ ಉರುಳಬೇಕಲ್ಲ.

ಒಂದೇ ತುಳಿತಕ್ಕೆ ಏರದಿದ್ದರೆ ಅರ್ಧದಲ್ಲಿ ಜಗ್ಗಾಡದೆ ಬಿಟ್ಟುಬಿಡಿ. ಗಾಡಿ ಮರಳಿ ಚಕ್ರದ ಮೇಲೆ ಕೂರಲಿ, ಮತ್ತೆ ಟಕ್ ಸದ್ದಿನಿಂದ ಆರಂಭಿಸಿ.

ಹಲಗೆ

ಮೈತೂಕ ಕಡಿಮೆ ಇರುವವರು ಇದನ್ನು ಕಲಿಯಲೇಬೇಕು. ನನಗಂತೂ ಬಲು ಇಷ್ಟದ ಉಪಾಯ. ಬಡಗಿಯ ಅಂಗಡಿಯಲ್ಲಿ ಸಿಗುವ ಎರಡು ಸೆಂಟಿಮೀಟರ್ ದಪ್ಪದ ಪ್ಲೈವುಡ್ ತುಂಡು ಸಾಕು. ಅದನ್ನು ನೆಲಕ್ಕಿಟ್ಟು ಹಿಂದಿನ ಚಕ್ರವನ್ನು ಅದರ ಮೇಲೆ ಉರುಳಿಸಿ. ಚೌಕಟ್ಟು ಅಷ್ಟು ಎತ್ತರಕ್ಕೆ ಬಂದಿರುವುದರಿಂದ ಸ್ಟ್ಯಾಂಡ್ ಆರಂಭದಲ್ಲೇ ಹೆಚ್ಚು ನೆಟ್ಟಗಿರುತ್ತದೆ, ಏರಬೇಕಾದ ಎತ್ತರ ಅರ್ಧಕ್ಕರ್ಧ ಇಳಿದಂತೆ ತೋರುತ್ತದೆ. ಎರಡು ಎಚ್ಚರಗಳಿವೆ. ಗಾಡಿ ಹಿಂದಕ್ಕೆ ಸರಿಯುವುದರಿಂದ ಚಕ್ರದ ಹಿಂದೆ ಒಂದು ಗೇಣಾದರೂ ಹಲಗೆ ಉಳಿದಿರಬೇಕು, ಇಲ್ಲದಿದ್ದರೆ ನಡುವೆಯೇ ಚಕ್ರ ಜಾರಿ ಬೀಳುತ್ತದೆ. ಸ್ಟ್ಯಾಂಡಿನ ಪಾದಗಳು ಹಲಗೆಯ ಮೇಲೆ ಬರಕೂಡದು, ನೆಲದ ಮೇಲೇ ಇರಬೇಕು. ಬಂದರೆ ಹಲಗೆ ಇಟ್ಟದ್ದೇ ವ್ಯರ್ಥ. ತೀರ ದಪ್ಪ ಹಲಗೆ ಇಟ್ಟರೆ ಗಾಡಿ ಏರಿದ ಮೇಲೂ ಚಕ್ರ ಅದಕ್ಕೆ ತಾಗಿಯೇ ಇರುತ್ತದೆ, ಆಗ ಹಲಗೆ ಎಳೆದು ತೆಗೆದರೆ ಮಾತ್ರ ಚೈನ್ ಕೆಲಸ ಸಾಗುತ್ತದೆ.

ಇಳಿಜಾರು

ಪುಣೆಯ ಸೊಸೈಟಿಗಳಲ್ಲಿ ಪೇವರ್ ಬ್ಲಾಕ್ ಹಾಕಿದ ನೆಲ ಮಳೆನೀರು ಹರಿಯಲೆಂದು ಎಲ್ಲಿಯಾದರೂ ವಾಲಿಯೇ ಇರುತ್ತದೆ. ತುಸು ಇಳಿಜಾರಿದ್ದರೆ ಗಾಡಿಯ ಮೂತಿ ಏರಿನ ಕಡೆಗಿರಲಿ. ಹಿಂದಕ್ಕೆ ಉರುಳುವುದು ಸುಲಭವಾಗುತ್ತದೆ, ನಿಂತ ಮೇಲೆ ಮುಂದಕ್ಕೆ ಜಾರುವ ಭಯವೂ ಇಲ್ಲ. ಅಡ್ಡ ಇಳಿಜಾರಿನಲ್ಲಿ ಒಂದು ಪಾದ ಮೊದಲೇ ತಾಗಿ ಗಾಡಿ ತಗ್ಗಿನ ಕಡೆ ವಾಲುತ್ತದೆ, ಅಂಥ ಜಾಗ ಬಿಟ್ಟುಬಿಡಿ. ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪ್ ಮೇಲಂತೂ ಬೇಡವೇ ಬೇಡ. ಹಸಿ ಮಣ್ಣಿನಲ್ಲಿ ಪಾದ ಹೂತು ಹೋಗುತ್ತದೆ, ಚಪ್ಪಟೆ ಕಲ್ಲು ಕೊಡಿ.

ಮಳೆಗಾಲ ಮುಗಿದ ಮೇಲೆ ಸ್ಟ್ಯಾಂಡಿನ ತಿರುಗಣೆಗೆ ಗ್ರೀಸ್ ಹಾಕಿಸಿ. ತುಕ್ಕು ಹಿಡಿದ ಸ್ಟ್ಯಾಂಡ್ ಎಷ್ಟು ಸರಿಯಾಗಿ ತುಳಿದರೂ ಸತಾಯಿಸುತ್ತದೆ.

ಇಳಿಸುವಾಗ ಸೈಡ್ ಸ್ಟ್ಯಾಂಡ್ ಹೊರಗಿದೆಯೇ ನೋಡಿಕೊಂಡು, ಎಡಗಡೆಯೇ ನಿಂತು ಮುಂದಕ್ಕೆ ನೂಕಿ. ಬಲಗೈಯನ್ನು ಮುಂದಿನ ಬ್ರೇಕ್ ಲಿವರ್‌ಗೆ ಚಾಚಿ ಇಟ್ಟುಕೊಳ್ಳಿ, ಚಕ್ರ ನೆಲ ಮುಟ್ಟಿದ ಕೂಡಲೇ ಒತ್ತಿ ಹಿಡಿಯಿರಿ. ಗಾಡಿ ಮೇಲಿರುವಾಗ ಚೈನ್ ಒರೆಸುವುದಿದ್ದರೆ ಎಂಜಿನ್ ಆರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಗೇರ್‌ನಲ್ಲಿ ಓಡುತ್ತಿರುವ ಚೈನಿಗೆ ಬಟ್ಟೆ ಸಿಕ್ಕರೆ ಬಟ್ಟೆಯ ಜತೆ ಬೆರಳೂ ಚೈನ್ ಸುತ್ತುವ ಹಲ್ಲಿನ ಗಾಲಿಗೆ (ಸ್ಪ್ರಾಕೆಟ್‌ಗೆ) ಹೋಗುತ್ತದೆ.