ಓದುಗರ ಪ್ರಶ್ನೆ: ಇಷ್ಟೊಂದು ಸ್ಯಾಟಲೈಟ್ ಇರುವಾಗ ನದಿ ಡೇಟಾಕ್ಕೆ ಪಕ್ಕದ ದೇಶವನ್ನ ಯಾಕೆ ಕೇಳ್ಬೇಕು?

ಚೀನಾದ ಟಿಬೆಟ್ ಕಡೆಯಿಂದ ಹರಿದು ಬರೋ ಬ್ರಹ್ಮಪುತ್ರದ ಸುದ್ದಿ ಬಂದಾಗೆಲ್ಲ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. ಕೇಳೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಸ್ಯಾಟಲೈಟ್‌ಗೆ ಕಾಣೋದು ಬೇರೆ, ನೆರೆ ಮುನ್ಸೂಚನೆ ಕೊಡೋರಿಗೆ ಬೇಕಾಗಿರೋದು ಬೇರೆ.

ಸೆಂಟಿನೆಲ್-1 ತರದ ರಾಡಾರ್ ಸ್ಯಾಟಲೈಟ್ ಮೋಡ ಕವಿದಿದ್ರೂ ರಾತ್ರಿ ಆಗಿದ್ರೂ ಎಲ್ಲೆಲ್ಲಿ ನೀರು ನುಗ್ಗಿದೆ ಅಂತ ಚೆನ್ನಾಗೇ ತೋರಿಸತ್ತೆ, ಆದ್ರೆ ಅಷ್ಟೊತ್ತಿಗೆ ನೀರು ನುಗ್ಗಿ ಆಗಿರತ್ತಲ್ಲ, ಮತ್ತೆ ಅದೇ ಜಾಗದ ಮೇಲೆ ಬರೋಕೆ ಅದಕ್ಕೆ ಕೆಲವು ದಿನಾನೇ ಬೇಕು. ನೀರಿನ ಎತ್ತರ ಅಳೆಯೋಕಂತಲೇ 2022ರ ಡಿಸೆಂಬರ್‌ನಲ್ಲಿ ಹಾರಿಸಿದ ಸ್ವಾಟ್ ಸ್ಯಾಟಲೈಟ್ ಕೂಡ ಒಂದು ಸುತ್ತು ಮುಗಿಸೋಕೆ ಸುಮಾರು 21 ದಿನ ತಗೊಳತ್ತೆ. ದಡದಲ್ಲಿ ನೀರಿನ ಮಟ್ಟ ಅಳೆಯೋ ಗೇಜ್ ಸ್ಟೇಷನ್ನಾದ್ರೆ ಗಂಟೆಗೊಂದ್ಸಲ ಮಟ್ಟ ಹೇಳಬಹುದು, ಅಲ್ಲಿ ಏರಿದ ನೀರು ಕೆಳಗಿನ ಊರಿಗೆ ಬರೋಕೆ ಎಷ್ಟು ಹೊತ್ತು ಬೇಕು ಅನ್ನೋದು ಹಳೇ ದಾಖಲೆ ನೋಡಿದ್ರೆ ಅಂದಾಜಿಗೆ ಸಿಗತ್ತೆ, ಜನರನ್ನ ಎಬ್ಬಿಸಿ ಸಾಗಿಸೋಕೆ ಇರೋ ಟೈಮ್ ಅಂದ್ರೆ ಅದೇ. ಇನ್ನು ಡ್ಯಾಮ್ ಗೇಟ್ ಯಾವಾಗ ಎತ್ತುತಾರೆ ಅನ್ನೋದು ಯಾವ ಸ್ಯಾಟಲೈಟ್‌ಗೂ ಮುಂಚೆ ಗೊತ್ತಾಗಲ್ಲ, ಡ್ಯಾಮ್ ನಡೆಸೋರೇ ಬಾಯಿಬಿಟ್ಟು ಹೇಳ್ಬೇಕು.

2000ದ ಏಪ್ರಿಲ್‌ನಲ್ಲಿ ಟಿಬೆಟ್‌ನ ಯಿಗಾಂಗ್ ನದಿಗೆ ಗುಡ್ಡ ಕುಸಿದು ದೊಡ್ಡ ಕೆರೆ ಕಟ್ಕೊಂಡಿತ್ತು, ಜೂನ್‌ನಲ್ಲಿ ಅದು ಒಡೆದು ನೀರೆಲ್ಲ ಅರುಣಾಚಲದ ಸಿಯಾಂಗ್ (ಬ್ರಹ್ಮಪುತ್ರಕ್ಕೆ ಅಲ್ಲಿರೋ ಹೆಸರು) ಕಣಿವೆಗೆ ನುಗ್ಗಿ ಸೇತುವೆ, ಮನೆ, ಜೀವ ಎಲ್ಲ ಹೋಯ್ತು. ಎರಡು ವರ್ಷದ ಮೇಲೆ, 2002ರಲ್ಲಿ, ಭಾರತ-ಚೀನಾ ಒಪ್ಪಂದ ಆಯ್ತು: ನುಗೇಶಾ, ಯಾಂಗ್‌ಚುನ್, ನುಶಿಯಾ ಈ ಮೂರು ಸ್ಟೇಷನ್‌ಗಳ ಮಳೆಗಾಲದ ಡೇಟಾ ಚೀನಾ ಕೊಡೋದು. 2017ರಲ್ಲಿ, ಡೋಕ್ಲಾಮ್‌ನಲ್ಲಿ ಎರಡೂ ದೇಶದ ಸೈನ್ಯ ಎದುರುಬದುರು ನಿಂತಿದ್ದ ವರ್ಷ, ಆ ಡೇಟಾ ಬರ್ಲೇ ಇಲ್ಲ. ಸ್ಟೇಷನ್ ದುರಸ್ತಿ, ಅಪ್‌ಗ್ರೇಡ್ ನಡೀತಿದೆ ಅಂತ ಚೀನಾ ಹೇಳ್ತು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. 2018ರಲ್ಲಿ ನವೀಕರಣ ಆದ ಒಪ್ಪಂದ 2023ರ ಜೂನ್‌ಗೆ ಮುಗೀತು.

ಎಲ್ಲಾ ಕಡೆ ಹೀಗೇ ಅಂತೇನಿಲ್ಲ. 2002ರಲ್ಲಿ ಎಲ್ಬೆ, ಡ್ಯಾನ್ಯೂಬ್ ಉಕ್ಕಿದ್ಮೇಲೆ ಯುರೋಪಿನ ದೇಶಗಳು ಒಂದೇ ಮುನ್ಸೂಚನಾ ವ್ಯವಸ್ಥೆ ಕಟ್ಟೋಕೆ ಶುರು ಮಾಡಿದ್ವು, 2012ರಿಂದ ಅದು ಪೂರ್ತಿ ಕೆಲಸಕ್ಕಿಳೀತು. ಡ್ಯಾನ್ಯೂಬ್ ಒಂದೇ ಹತ್ತು ದೇಶ ದಾಟತ್ತೆ, ಡೇಟಾ ಹಂಚ್ಕೊಳ್ದೆ ಅಲ್ಲಿ ಏನೂ ನಡೆಯಲ್ಲ. ಚೀನಾದಿಂದ ಆಗ್ನೇಯ ಏಷ್ಯಾಕ್ಕೆ ಹರಿಯೋ ಮೆಕಾಂಗ್ ನದಿ ಕಡೆ ಇನ್ನೂ ಕುತೂಹಲದ ಕಥೆ: ಇದೇ ಚೀನಾ ಅಲ್ಲಿ ಮೊದಲು ಮಳೆಗಾಲದ ಡೇಟಾ ಮಾತ್ರ ಕೊಡ್ತಿತ್ತು, 2020ರಲ್ಲಿ ವರ್ಷಪೂರ್ತಿ ಕೊಡೋಕೆ ಒಪ್ಕೊಳ್ತು.

ಬ್ರಹ್ಮಪುತ್ರಕ್ಕೆ ಬಂದ್ರೆ, 2025ರ ಆಗಸ್ಟ್‌ನಲ್ಲಿ ಮಾನವೀಯ ನೆಲೆಯಲ್ಲಿ ತುರ್ತು ಸಂದರ್ಭದ ಮಾಹಿತಿ ಕೊಡ್ತೀವಿ ಅಂತ ಚೀನಾ ಒಪ್ಪಿದೆ. ಏನೂ ಇಲ್ದಿರೋದಕ್ಕಿಂತ ವಾಸಿ. ಆದ್ರೆ ನನಗೆ ಇದು ಸಾಲದು ಅನ್ಸತ್ತೆ, ಯಾಕಂದ್ರೆ ಮುನ್ಸೂಚನೆ ಮಾಡೆಲ್ ಸರಿಯಾಗಿ ಲೆಕ್ಕ ಹಾಕ್ಬೇಕು ಅಂದ್ರೆ ಏನೂ ಆಗ್ದಿರೋ ಮಾಮೂಲಿ ದಿನಗಳ ಮಟ್ಟನೂ ವರ್ಷಗಟ್ಟಲೆ ಅದಕ್ಕೆ ಉಣಿಸಿರ್ಬೇಕು, ಜೊತೆಗೆ ತುರ್ತು ಅಂತ ತೀರ್ಮಾನ ಮಾಡೋರು ಇಲ್ಲಿ ಮೇಲಿನ ದಡದವರು, ಮುಳುಗೋದು ಮಾತ್ರ ಕೆಳಗಿನವರು.