ನೆಬ್ರಾಸ್ಕಾ ಬಯಲು ದಾಟುವಾಗ ಎಲ್ಲಿ ನಿಲ್ಲಬೇಕು?

ಓದುಗರ ಪ್ರಶ್ನೆ: ನಾವು ಶಿಕಾಗೋ ಹತ್ತಿರ ಇದ್ದೇವೆ. ಬೇಸಿಗೆ ರಜೆಯಲ್ಲಿ ಮಕ್ಕಳು ಮತ್ತು ಊರಿನಿಂದ ಬರುವ ಅಪ್ಪ ಅಮ್ಮನ ಜೊತೆ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟಿದ್ದೇವೆ. ಮೌಂಟ್ ರಶ್‌ಮೋರ್, ಆಮೇಲೆ ಯೆಲ್ಲೋಸ್ಟೋನ್. ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳದ ಹೊಲ ಬಿಟ್ಟರೆ ಏನೂ ಇಲ್ಲ, ರಾತ್ರಿ ದಾಟಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಳೇ ಕಾಲದ ವಲಸಿಗರ ಜಾಗಗಳು ಇರುವುದು ಅಲ್ಲೇ ಅಲ್ವಾ? ನಿಜವಾಗಿಯೂ ನಿಂತು ನೋಡುವಂಥದ್ದು ಯಾವುದು?

ಉತ್ತರ: ನಿಂತು ನೋಡುವಂಥದ್ದು ಬೇಕಾದಷ್ಟಿದೆ. ದಯವಿಟ್ಟು ರಾತ್ರಿ ದಾಟಬೇಡಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಬಯಲಿನಲ್ಲಿ ದೂರದಿಂದಲೇ ಕಣ್ಣು ಸೆಳೆಯುವ ಅರಮನೆ, ಗೋಪುರ ಯಾವುದೂ ಇಲ್ಲ. ಇಲ್ಲಿ ನೆಲೆಸಲು ಬಂದವರಿಗೆ ಮರವೇ ಸರಿಯಾಗಿ ಸಿಗುತ್ತಿರಲಿಲ್ಲ. ಅವರು ಬಿಟ್ಟುಹೋದದ್ದೆಲ್ಲ ನೆಲದ ಮಟ್ಟದಲ್ಲೇ ಇದೆ. ಗಾಡಿ ಚಕ್ರ ಕೊರೆದ ಹಳ್ಳ, ಹುಲ್ಲುಮಣ್ಣಿನ ಗೋಡೆ, ದಾರಿ ಪಕ್ಕದ ಗೋರಿ. ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನ ಕಿಟಕಿಯಿಂದ ಇದು ಕಾಣುವುದಿಲ್ಲ. ಏನೂ ಇಲ್ಲ ಅನ್ನುವವರು ಇಳಿದು ನೋಡಿಲ್ಲ, ಅಷ್ಟೇ.

ನೀವು ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಿರುವುದು ಒಳ್ಳೆಯದೇ ಆಯಿತು. ವಲಸಿಗರು ಹೋದದ್ದೂ ಹಾಗೆಯೇ. ರಾಜ್ಯದ ಪೂರ್ವದಲ್ಲಿ ಮೂಲ ಹುಲ್ಲು ಆಳೆತ್ತರ ಬೆಳೆಯುತ್ತದೆ. ಪಶ್ಚಿಮಕ್ಕೆ ಹೋದಂತೆ ಮಳೆ ಇಳಿಯುತ್ತದೆ, ಹುಲ್ಲೂ ಗಿಡ್ಡವಾಗುತ್ತದೆ. ಪಶ್ಚಿಮದ ತುದಿಯಲ್ಲಿ ಬೀಳುವ ಮಳೆ ಪೂರ್ವದ ತುದಿಯಲ್ಲಿ ಬೀಳುವುದರ ಅರ್ಧದಷ್ಟು. ಈ ಬಯಲಿನ ಕಥೆಯೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇದೆ.

ಮೊದಲ ನಿಲುಗಡೆ ಬಿಯಾಟ್ರಿಸ್ ಊರಿನ ಹತ್ತಿರದ ಹೋಮ್‌ಸ್ಟೆಡ್ ರಾಷ್ಟ್ರೀಯ ಚಾರಿತ್ರಿಕ ಉದ್ಯಾನ. ಲಿಂಕನ್ ನಗರದಿಂದ ದಕ್ಷಿಣಕ್ಕೆ ಒಂದು ಗಂಟೆಯೊಳಗಿನ ದಾರಿ. ಪ್ರವೇಶ ಉಚಿತ. ಅಧ್ಯಕ್ಷ ಅಬ್ರಹಾಂ ಲಿಂಕನ್ 1862ರ ಮೇ 20ರಂದು ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಅರ್ಜಿ ಹಾಕಿ, 160 ಎಕರೆ ಹಿಡಿದು, ಮನೆ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉತ್ತರೆ ಜಮೀನು ನಿಮ್ಮದು. ಖರ್ಚು ಒಟ್ಟು 18 ಡಾಲರ್ ಶುಲ್ಕ. 1863ರ ಜನವರಿ 1ರಂದು ಕಾಯ್ದೆ ಜಾರಿಗೆ ಬಂದ ದಿನವೇ ಬ್ರೌನ್‌ವಿಲ್ ಕಚೇರಿಯಲ್ಲಿ ಅರ್ಜಿ ಕೊಟ್ಟವರಲ್ಲಿ ಡೇನಿಯಲ್ ಫ್ರೀಮನ್ ಒಬ್ಬ. ಅವನ ಜಮೀನೇ ಇವತ್ತಿನ ಉದ್ಯಾನ. ಈ ಕಾಯ್ದೆಯಡಿ ಕೊನೆಗೆ ಸುಮಾರು 16 ಲಕ್ಷ ಮಂದಿಗೆ ಪಟ್ಟಾ ಸಿಕ್ಕಿತು. ಹಂಚಿಹೋದದ್ದು ಸುಮಾರು 27 ಕೋಟಿ ಎಕರೆ, ಅಂದರೆ ಇಡೀ ದೇಶದ ನೆಲದಲ್ಲಿ ಹತ್ತನೇ ಒಂದು ಭಾಗ.

ಮಕ್ಕಳಿಗೆ ಇಲ್ಲಿ ತೋರಿಸಲೇಬೇಕಾದ್ದು ಕಾರ್ ನಿಲ್ಲಿಸುವ ಜಾಗ! ಅದನ್ನು ಸರಿಯಾಗಿ ಒಂದು ಎಕರೆ ಅಳತೆಗೆ ಮಾಡಿದ್ದಾರೆ. ಮೊದಲು ಅದನ್ನು ಒಂದು ಸುತ್ತು ನಡೆಸಿ. ಇಂಥ 160 ಸೇರಿದರೆ ಒಂದು ಕುಟುಂಬದ ಪಾಲು ಅಂತ ಹೇಳಿ. ಎತ್ತು ಕಟ್ಟಿ ಅಷ್ಟನ್ನೂ ಉಳುವುದು ಅಂದರೆ ಏನೆಂದು ಊರಿನಲ್ಲಿ ಬೇಸಾಯ ಕಂಡ ಅಜ್ಜ ಅಜ್ಜಿಗೆ ಥಟ್ಟನೆ ಗೊತ್ತಾಗುತ್ತದೆ, ಮಕ್ಕಳಿಗೆ ಅವರೇ ವಿವರಿಸುತ್ತಾರೆ. ಒಳಗೆ ಹೋಗುವ ದಾರಿಯಲ್ಲಿ ಒಂದೊಂದು ರಾಜ್ಯದ ಆಕಾರದ ಲೋಹದ ಫಲಕಗಳಿವೆ. ಆ ರಾಜ್ಯದಲ್ಲಿ ಎಷ್ಟು ಭಾಗ ಹೀಗೆ ಹಂಚಿಕೆಯಾಯಿತೋ ಅಷ್ಟನ್ನು ಫಲಕದಿಂದ ಕತ್ತರಿಸಿ ತೆಗೆದಿದ್ದಾರೆ. ನೆಬ್ರಾಸ್ಕಾದ ಫಲಕದಲ್ಲಿ ಹೆಚ್ಚುಕಮ್ಮಿ ಅರ್ಧ ಖಾಲಿ. 1867ರ ಮರದ ಮನೆಯೊಂದಿದೆ, ಇಟ್ಟಿಗೆಯ ಹಳೇ ಶಾಲೆಯೂ ಇದೆ. ಆಮೇಲೆ ಹುಲ್ಲುಗಾವಲಿನಲ್ಲಿ ನಡೆಯಿರಿ. ಉತ್ತು ಹಾಳಾಗಿದ್ದ ನೆಲದಲ್ಲಿ 1939ರಿಂದ ಮತ್ತೆ ಬೆಳೆಸಿದ ಮೂಲ ಹುಲ್ಲು ಅದು. ಉತ್ತರ ಅಮೆರಿಕದ ಎತ್ತರದ ಹುಲ್ಲುಗಾವಲಿನಲ್ಲಿ ಇವತ್ತು ಉಳಿದಿರುವುದು ನೂರಕ್ಕೆ ನಾಲ್ಕು ಪಾಲು ಕೂಡ ಇಲ್ಲ.

ಯಾರಿಗೆ ಈ ಜಮೀನು ಸಿಕ್ಕಿತು ಅನ್ನುವುದನ್ನೂ ಇಲ್ಲೇ ಕೇಳಿಕೊಳ್ಳಬೇಕು. ಮದುವೆಯಾಗದ ಹೆಂಗಸರು, ವಿಧವೆಯರು, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ, ಪೌರತ್ವ ಪಡೆಯುತ್ತೇನೆ ಎಂದು ಬರೆದುಕೊಟ್ಟ ವಲಸಿಗರು, ಎಲ್ಲರೂ ಅರ್ಜಿ ಹಾಕಬಹುದಿತ್ತು. ಆ ಕಾಲಕ್ಕೆ ಇದು ದೊಡ್ಡ ಮಾತು. ಆದರೆ ಪೌರತ್ವದ ಬಾಗಿಲೇ ಮುಚ್ಚಿದವರಿಗೆ ಜಮೀನಿನ ಬಾಗಿಲೂ ಮುಚ್ಚಿತ್ತು. ಚೀನೀಯರಿಗೆ ಹಾಗಾಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರೂ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಅದು ಬದಲಾದದ್ದು 1946ರಲ್ಲಿ. ಇನ್ನು ಈ ನೆಲದಲ್ಲಿ ಮೊದಲಿಂದ ಇದ್ದ ಓಟೋ-ಮಿಸೂರಿಯಾ ಜನರಿಗೆ ಬಿಯಾಟ್ರಿಸ್‌ನ ದಕ್ಷಿಣಕ್ಕೆ ಒಂದು ಮೀಸಲು ಪ್ರದೇಶ ಕೊಟ್ಟಿದ್ದರು. ಕೊನೆಗೆ ಅದನ್ನೂ ಬಿಡಿಸಿ 1880ರ ದಶಕದ ಆರಂಭದಲ್ಲಿ ಈಗಿನ ಓಕ್ಲಹೋಮಾಗೆ ಕಳಿಸಿದರು. ಸುಮ್ನೆ ಬಿದ್ದಿದ್ದ ಜಮೀನನ್ನು ಸರ್ಕಾರ ಹಂಚಿತು ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ.

ಮುಂದೆ ಗ್ರ್ಯಾಂಡ್ ಐಲೆಂಡ್‌ನಲ್ಲಿ ಸ್ಟೂರ್ ಮ್ಯೂಸಿಯಂ. ಇದರ ಮುಖ್ಯ ಕಟ್ಟಡ ನೀರಿನ ನಡುವೆ ನಿಂತ ಬಿಳಿ ಚೌಕ. ವಿನ್ಯಾಸ ಎಡ್ವರ್ಡ್ ಡ್ಯೂರೆಲ್ ಸ್ಟೋನ್ ಅವರದು. ದೆಹಲಿಯ ಚಾಣಕ್ಯಪುರಿಯ ಅಮೆರಿಕ ರಾಯಭಾರ ಕಚೇರಿಯನ್ನು ವಿನ್ಯಾಸ ಮಾಡಿದವರೂ ಇವರೇ. ಎರಡರ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಕೈ ಅಂತ ಗೊತ್ತಾಗುತ್ತದೆ. ಆವರಣದಲ್ಲಿ 1890ರ ದಶಕದ ರೈಲ್ವೆ ಪೇಟೆಯೊಂದನ್ನು ನಿಲ್ಲಿಸಿದ್ದಾರೆ. ಬೇಸಿಗೆಯಲ್ಲಿ ಹೋದರೆ ಕಮ್ಮಾರ ಕುಲುಮೆ ಊದುತ್ತಿರುತ್ತಾನೆ. ಇಲ್ಲಿಯ ಮೂಲನಿವಾಸಿಗಳಾದ ಪಾನೀ ಜನರ ಮಣ್ಣಿನ ಗುಂಡು ಮನೆಯ ಮಾದರಿಯನ್ನು ಮಾತ್ರ ತಪ್ಪಿಸಬೇಡಿ. ಪ್ಲಾಟ್ ನದಿಯ ಆಸುಪಾಸು ಅವರದೇ ಊರುಗಳಿದ್ದವು, ಬೆಳೆ ಇತ್ತು.

ಹುಲ್ಲುಮಣ್ಣಿನ ಅಸಲಿ ಮನೆ ನೋಡಬೇಕೆಂದರೆ ಹೆದ್ದಾರಿ ಬಿಟ್ಟು ಸ್ವಲ್ಪ ದೂರ ಹೋಗಬೇಕು. ಕಸ್ಟರ್ ಕೌಂಟಿಯ ಕಾಮ್‌ಸ್ಟಾಕ್ ಹತ್ತಿರ 1900ರಲ್ಲಿ ಕಟ್ಟಿದ ಡೌಸ್ ಮನೆ ಇನ್ನೂ ನಿಂತಿದೆ. ಇಂಥ ಮನೆ ಕಟ್ಟುವ ಬಗೆ ಹೀಗೆ. ಹುಲ್ಲಿನ ಬೇರು ಗಟ್ಟಿಯಾಗಿ ಹೆಣೆದುಕೊಂಡ ನೆಲವನ್ನು ಬೇರೆ ಥರದ ನೇಗಿಲಿನಿಂದ ಪಟ್ಟಿ ಪಟ್ಟಿಯಾಗಿ ಸೀಳಬೇಕು. ಪಟ್ಟಿ ಒಂದಡಿ ಅಗಲ, ನಾಲ್ಕು ಇಂಚು ದಪ್ಪ. ಅದನ್ನು ಗುದ್ದಲಿಯಿಂದ ಎರಡು ಮೂರು ಅಡಿಗೆ ತುಂಡು ಮಾಡಿ, ಹುಲ್ಲಿನ ಮುಖ ಕೆಳಗೆ ಬರುವಂತೆ ಒಂದರ ಮೇಲೊಂದು ಇಡಬೇಕು. ಗೋಡೆ ಎರಡು ಮೂರು ಅಡಿ ದಪ್ಪವಾಗುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಮಾಡೂ ಅದೇ ಮಣ್ಣಿನದು. ಹೊರಗೆ ಮಳೆ ನಿಂತ ಮೇಲೂ ಒಳಗೆ ಕೆಸರು ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಮಣ್ಣು, ಹುಳ, ಒಮ್ಮೊಮ್ಮೆ ಹಾವು ಕೂಡ ಊಟದ ಮೇಲೆ ಬೀಳದಿರಲಿ ಎಂದು ಮಾಡಿನಡಿ ಬಟ್ಟೆ ಕಟ್ಟುತ್ತಿದ್ದರು.

ಇದೇ ಕೌಂಟಿಯಲ್ಲಿ 1886ರಿಂದ ಸಾಲೊಮನ್ ಬುಚರ್ ಎಂಬ ಫೋಟೋಗ್ರಾಫರ್ ಮನೆ ಮನೆಗೆ ಹೋಗಿ ಕುಟುಂಬಗಳ ಚಿತ್ರ ತೆಗೆದ. ಮನೆಯವರೆಲ್ಲ ಒಳ್ಳೆಯ ಬಟ್ಟೆ ಹಾಕಿ, ಮೇಜು, ಕುರ್ಚಿ, ಕುದುರೆ, ಹಸು ಎಲ್ಲವನ್ನೂ ಎದುರಿಗೆ ನಿಲ್ಲಿಸಿಕೊಂಡು ನಿಲ್ಲುತ್ತಿದ್ದರು. ಒಂದು ಚಿತ್ರದಲ್ಲಿ ಮಾತ್ರ ಮನೆಯೇ ಇಲ್ಲ. ಬಯಲಿನ ನಡುವೆ ಪಂಪ್ ಆರ್ಗನ್ ಎಂಬ ದೊಡ್ಡ ವಾದ್ಯ, ಅದರ ಪಕ್ಕ ಕುಟುಂಬ. ತಾನು ಮಣ್ಣಿನ ಮನೆಯಲ್ಲಿರುವುದು ದೂರದ ನೆಂಟರಿಗೆ ಗೊತ್ತಾಗಬಾರದು ಎಂದು ಆ ಮನೆಯಾಕೆ ಆರ್ಗನ್ ಅನ್ನು ಹೊರಗೆ ಎಳೆಸಿದ್ದಳಂತೆ. ಬೇರೆ ದೇಶಕ್ಕೆ ಬಂದು, ಊರಿಗೆ ಕಳಿಸುವ ಫೋಟೋವನ್ನು ಆರಿಸಿ ಆರಿಸಿ ಕಳಿಸಿದ ಯಾರಿಗೂ ಇದು ಚೆನ್ನಾಗಿ ಅರ್ಥವಾಗುತ್ತದೆ.

ಓಗಲಾಲ ಊರಿನ ಹತ್ತಿರ ಐ-80 ಹೆದ್ದಾರಿ ಬಿಟ್ಟು 26ನೇ ಹೆದ್ದಾರಿ ಹಿಡಿಯಿರಿ. ಇಲ್ಲಿಂದ ಮುಂದಿನದು ನೆಲೆಸಿದವರ ಕಥೆಗಿಂತ ದಾಟಿಹೋದವರ ಕಥೆ. 1840ರಿಂದ 1860ರ ದಶಕದವರೆಗೆ ಲಕ್ಷಾಂತರ ಜನ ಈ ದಾರಿಯಲ್ಲಿ ಆರಿಗನ್, ಕ್ಯಾಲಿಫೋರ್ನಿಯಾ, ಯೂಟಾ ಕಡೆಗೆ ಹೋದರು. ಗಾಡಿ ಎಳೆದದ್ದು ಹೆಚ್ಚಾಗಿ ಎತ್ತುಗಳು. ಗಾಡಿ ತುಂಬ ಹಿಟ್ಟು, ಸಾಮಾನು. ಜನ ಪಕ್ಕದಲ್ಲಿ ನಡೆದರು. ಲೆವೆಲೆನ್ ಹತ್ತಿರದ ಆಶ್ ಹಾಲೋದಲ್ಲಿ ವಿಂಡ್ಲಸ್ ಗುಡ್ಡ ಇದೆ. ಗಾಡಿಗಳು ಇಲ್ಲಿ ಚಕ್ರ ಕಟ್ಟಿ, ಹಗ್ಗ ಹಿಡಿದು ಇಳಿದವು. ಅವು ಕೊರೆದ ಗೆರೆ ಮಳೆನೀರಿಗೆ ಇನ್ನೂ ಆಳವಾಗಿ, ಗುಡ್ಡದ ಮೈಯಲ್ಲಿ ಹಾಗೇ ಕಾಣುತ್ತದೆ. ಗುಡ್ಡ ಹತ್ತುವುದು ಅಪ್ಪ ಅಮ್ಮನಿಗೆ ಕಷ್ಟವಾದರೆ ಕೆಳಗಿನಿಂದ ನೋಡಿದರೂ ಸಾಕು.

ಇಲ್ಲಿಂದ ನಾರ್ತ್ ಪ್ಲಾಟ್ ನದಿಯಾಚೆ ಸ್ವಲ್ಪ ದೂರದಲ್ಲಿ ಬ್ಲೂ ವಾಟರ್ ಹೊಳೆ. 1854ರಲ್ಲಿ ಫೋರ್ಟ್ ಲಾರಮಿ ಎಂಬ ಸೇನಾ ಠಾಣೆಯ ಹತ್ತಿರ ವಲಸಿಗನೊಬ್ಬನ ಹಸು ದಾರಿ ತಪ್ಪಿತು, ಲಕೋಟಾ ಎಂಬ ಮೂಲನಿವಾಸಿ ಗುಂಪಿನವನೊಬ್ಬ ಅದನ್ನು ಕೊಂದ. ಆ ಜಗಳದಲ್ಲಿ ಸೈನಿಕರು ಲಕೋಟಾ ನಾಯಕನನ್ನು ಕೊಂದರು, ತಾವೂ ಸತ್ತರು. ಅದಕ್ಕೆ ಸೇಡಾಗಿ 1855ರ ಸೆಪ್ಟೆಂಬರ್ 3ರಂದು ಜನರಲ್ ಹಾರ್ನಿಯ ಸೈನ್ಯ ಈ ಹೊಳೆಯ ದಂಡೆಯ ಲಕೋಟಾ ಬಿಡಾರದ ಮೇಲೆ ಬಿದ್ದು 86 ಜನರನ್ನು ಕೊಂದಿತು. ಸತ್ತವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಗಾಡಿಜಾಡು ನೋಡಿದ ದಿನವೇ ಇದನ್ನೂ ತಿಳಿದುಕೊಳ್ಳುವುದು ನ್ಯಾಯ.

ಕಂಬದಂತೆ ಎದ್ದು ನಿಂತ ಬಂಡೆ ಚಿಮ್ನಿ ರಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಲಸಿಗರ ದಿನಚರಿಗಳಲ್ಲಿ ಅತಿ ಹೆಚ್ಚು ಸಲ ಬರುವ ಗುರುತು ಅದೇ. ದೂರದಿಂದಲೇ ಚೆಂದ. ಹತ್ತಲು ಬಿಡುವುದಿಲ್ಲ, ಸುತ್ತ ರ‍್ಯಾಟಲ್ ಹಾವುಗಳಿವೆ, ಮಕ್ಕಳ ಮೇಲೆ ಕಣ್ಣಿರಲಿ. ಸ್ಕಾಟ್ಸ್ ಬ್ಲಫ್‌ನಲ್ಲಿ ಮಾತ್ರ ಅರ್ಧ ದಿನ ಕೊಡಿ. ಬಂಡೆ ನದಿಯಿಂದ 800 ಅಡಿ ಎದ್ದಿದೆ. 1930ರ ದಶಕದ ರಸ್ತೆ ಮೂರು ಸುರಂಗ ದಾಟಿ ತುದಿ ಮುಟ್ಟುತ್ತದೆ, ಹಿರಿಯರಿಗೂ ಆರಾಮ. ಕಲ್ಲು ಉರುಳಿ ರಸ್ತೆ ಒಮ್ಮೊಮ್ಮೆ ಮುಚ್ಚಿರುತ್ತದೆ, ಹೋಗುವ ಮುಂಚೆ ನೋಡಿಕೊಳ್ಳಿ. ಕೆಳಗೆ ಮಿಚೆಲ್ ಪಾಸ್‌ನಲ್ಲಿ ಗಾಡಿಜಾಡಿನ ಮೇಲೇ ನಡೆಯಬಹುದು.

ಅಲ್ಲಿಂದ ಸ್ಕಾಟ್ಸ್‌ಬ್ಲಫ್ ಊರಿನ ಪೂರ್ವಕ್ಕೆ, ರೈಲು ಹಳಿಯ ಹತ್ತಿರ, ರೆಬೆಕಾ ವಿಂಟರ್ಸ್ ಗೋರಿ ಇದೆ. ಬಹಳ ಪ್ರವಾಸಿಗರು ಇದನ್ನು ಬಿಟ್ಟುಬಿಡುತ್ತಾರೆ. ಯೂಟಾಗೆ ಹೊರಟಿದ್ದ ಆಕೆ 1852ರ ಆಗಸ್ಟ್ 15ರಂದು ಕಾಲರಾದಿಂದ ತೀರಿಕೊಂಡಳು. ಈ ದಾರಿಯಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಕಾಲರಾ. ಹೆಚ್ಚಿನವರನ್ನು ದಾರಿಯಲ್ಲೇ ಹೂತು, ಗುರುತಿಲ್ಲದೆ ಮುಂದೆ ಹೋಗುತ್ತಿದ್ದರು. ಇವಳ ಜೊತೆಯವರಲ್ಲಿ ಒಬ್ಬ ಮಾತ್ರ ಗಾಡಿ ಚಕ್ರದ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ಅದರ ಮೇಲೆ ಹೆಸರು ಮತ್ತು 50 ವರ್ಷ ಎಂದು ಕೊರೆದು ನೆಟ್ಟ. ಅಕ್ಷರ ಸೊಟ್ಟಗಿದೆ, ಆದರೆ ಓದಲು ಬರುತ್ತದೆ. ಎಷ್ಟೋ ದಶಕದ ನಂತರ ರೈಲು ಹಳಿ ಹಾಕುವಾಗ ಅದು ಕಣ್ಣಿಗೆ ಬಿತ್ತು. ಹಳಿ ತೀರಾ ಹತ್ತಿರವಾಯಿತೆಂದು 1995ರಲ್ಲಿ ಗೋರಿಯನ್ನು ಸ್ವಲ್ಪ ಆಚೆಗೆ ಸರಿಸಿದರು. ನೆಬ್ರಾಸ್ಕಾದಲ್ಲಿ ಒಂದೇ ವಸ್ತು ನೋಡು ಅಂದರೆ ನಾನು ಈ ಕಬ್ಬಿಣದ ಪಟ್ಟಿಯನ್ನು ಆರಿಸುತ್ತೇನೆ.

ಈ ಪಶ್ಚಿಮ ಭಾಗದಲ್ಲೇ ಹೋಮ್‌ಸ್ಟೆಡ್ ಲೆಕ್ಕ ತಪ್ಪಿದ್ದು. ಪೂರ್ವದಲ್ಲಿ 160 ಎಕರೆಯಲ್ಲಿ ಬದುಕಬಹುದಿತ್ತು. ಇಲ್ಲಿ ಅಷ್ಟು ಜಮೀನಿನಲ್ಲಿ ನಾಲ್ಕು ದನ ಮೇಯಿಸುವುದೂ ಕಷ್ಟ. 1904ರಲ್ಲಿ ಕಿಂಕೇಡ್ ಕಾಯ್ದೆ ತಂದು ಪಶ್ಚಿಮ ನೆಬ್ರಾಸ್ಕಾದಲ್ಲಿ ಪಾಲನ್ನು 640 ಎಕರೆಗೆ ಏರಿಸಬೇಕಾಯಿತು. ಆದರೂ ಎಷ್ಟೋ ಜನ ಬಿಟ್ಟುಹೋದರು.

ಇನ್ನು ನೀವು ಮೌಂಟ್ ರಶ್‌ಮೋರ್‌ಗೆ ಹೋಗುವವರಾದ್ದರಿಂದ, ಸ್ಕಾಟ್ಸ್‌ಬ್ಲಫ್‌ನಿಂದ ಉತ್ತರಕ್ಕೆ ತಿರುಗಿ ಕ್ರಾಫರ್ಡ್ ಹತ್ತಿರದ ಫೋರ್ಟ್ ರಾಬಿನ್ಸನ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಹಳೇ ಅಧಿಕಾರಿಗಳ ಮನೆಗಳನ್ನೇ ಬಾಡಿಗೆಗೆ ಕೊಡುತ್ತಾರೆ, ದೊಡ್ಡ ಕುಟುಂಬಕ್ಕೆ ಅನುಕೂಲ. 1874ರಲ್ಲಿ ಶುರುವಾದ ಸೇನಾ ಠಾಣೆ ಇದು. ಲಕೋಟಾ ನಾಯಕ ಕ್ರೇಜಿ ಹಾರ್ಸ್ ಶರಣಾದ ಮೇಲೆ 1877ರ ಸೆಪ್ಟೆಂಬರ್ 5ರಂದು ಇಲ್ಲಿಯ ಕಾವಲು ಮನೆಯೆದುರು ಸೈನಿಕನ ಬಂದೂಕಿನ ಬಯೊನೆಟ್ ಇರಿತಕ್ಕೆ ಸತ್ತ. ಆ ಕಾವಲು ಮನೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. 1879ರ ಜನವರಿಯಲ್ಲಿ ತಮ್ಮನ್ನು ಹಿಂದೆ ಕಳಿಸಿದ್ದ ದಕ್ಷಿಣದ ಮೀಸಲು ಪ್ರದೇಶಕ್ಕೆ ವಾಪಸ್ ಹೋಗಲು ಒಪ್ಪದ ಶಯಾನ್ ಮೂಲನಿವಾಸಿಗಳನ್ನು ಇಲ್ಲಿಯ ಬ್ಯಾರಕ್‌ನಲ್ಲಿ ಕೂಡಿಹಾಕಿ, ಊಟ, ನೀರು, ಬೆಂಕಿಗೆ ಸೌದೆ ನಿಲ್ಲಿಸಿದರು. ಜನವರಿ 9ರ ರಾತ್ರಿ ಅವರು ಕಿಟಕಿ ಹಾರಿ ಹಿಮದಲ್ಲಿ ಓಡಿದರು. ಮಕ್ಕಳು ಮುದುಕರು ಸೇರಿ ಅರವತ್ತಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು. ವಲಸಿಗರ ಧೈರ್ಯ ಎಷ್ಟು ನಿಜವೋ ಇದೂ ಅಷ್ಟೇ ನಿಜ. ಇದನ್ನು ಬಿಟ್ಟರೆ ನೀವು ನೋಡಿದ್ದು ಅರ್ಧ ಮಾತ್ರ.

ಕೆಲವು ಅಗತ್ಯದ ವಿಷಯ. ವೇಷ ಹಾಕಿ ಹಳೇ ಕೆಲಸ ತೋರಿಸುವುದೆಲ್ಲ ಮೇ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೇ ಹೆಚ್ಚು. ಜುಲೈ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ, ಸಂಜೆ ಆಲಿಕಲ್ಲು ಬೀಳಬಹುದು. ಗುಡ್ಡ, ಗಾಡಿಜಾಡು ಬೆಳಿಗ್ಗೆಯೇ ಮುಗಿಸಿ. ರಾಜ್ಯದ ಉದ್ಯಾನಗಳಿಗೆ ಕಾರಿನ ಪರ್ಮಿಟ್ ಬೇಕು, ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಬಹುದು. ಪಶ್ಚಿಮಕ್ಕೆ ಹೋದ ಮೇಲೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಸಸ್ಯಾಹಾರಿಗಳಾದರೆ ಗ್ರ್ಯಾಂಡ್ ಐಲೆಂಡ್ ಆಚೆಗಿನ ಕಾರ್ನಿ ಊರು ದಾಟುವ ಮುಂಚೆಯೇ ಊಟದ ವ್ಯವಸ್ಥೆ ಮಾಡಿಕೊಳ್ಳಿ, ಮುಂದಿನ ಊರುಗಳು ಸಣ್ಣವು. ಸಮಯ ತೀರಾ ಕಡಿಮೆಯಿದ್ದರೆ ಸ್ಟೂರ್ ಮತ್ತು ಚಿಮ್ನಿ ರಾಕ್ ಬಿಡಿ. ಹೋಮ್‌ಸ್ಟೆಡ್, ರೆಬೆಕಾ ವಿಂಟರ್ಸ್ ಗೋರಿ, ಫೋರ್ಟ್ ರಾಬಿನ್ಸನ್, ಈ ಮೂರನ್ನು ಮಾತ್ರ ಬಿಡಬೇಡಿ.